ತರಗತಿಯೊಳಗಿನ ಆ್ಯಪ್ ಯಾರ ಸಮಯ ತಿನ್ನುತ್ತದೆ?

2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ 5ನೇ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದಿತು. ಪೋಷಕರು ಹೈಕೋರ್ಟ್ ಮೆಟ್ಟಿಲೇರಿದರು. ಜುಲೈ 8ರಂದು ಕೋರ್ಟು, ಶಿಕ್ಷಣದ ಮೂಲಭೂತ ಹಕ್ಕಿಗೆ ಇದರಿಂದ ಧಕ್ಕೆಯಾಗುತ್ತದೆಂದು ಹೇಳಿ ಆದೇಶಕ್ಕೆ ತಡೆ ಕೊಟ್ಟಿತು. ವಾರದೊಳಗೆ ಕೇಂದ್ರ ಸರ್ಕಾರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂತು: 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಸಾಕು ಎಂದು. ಬೇಡ, ಬೇಕು, ಇಷ್ಟೇ ಸಾಕು. ಒಂದು ಮಳೆಗಾಲ ಮುಗಿಯುವುದರೊಳಗೆ ಮೂರು ತೀರ್ಮಾನ. ಮೂರರ ಹಿಂದೆಯೂ ಚಿಕ್ಕ ಮಕ್ಕಳ ಬಗ್ಗೆ ನಿಜವಾದ ಕಾಳಜಿಯಿತ್ತು. ಕೈಗೆ ಸಿಗುವ ಪುರಾವೆ ಕಡಿಮೆಯಿತ್ತು.

ಕೊರೊನಾ ಹೋಯಿತು, ಆ್ಯಪ್ ಉಳಿಯಿತು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಇದೆ; ದಾನಿಗಳು ಶಾಲೆಗೆ ಟ್ಯಾಬ್ ಕೊಡಿಸುತ್ತಾರೆ; ಟೀಚರ್ ತಮ್ಮದೇ ಮೊಬೈಲ್ ತೆಗೆದು ಮಕ್ಕಳ ಮುಂದೆ ಹಿಡಿಯುತ್ತಾರೆ. ಈ ಲೇಖನದ ವ್ಯಾಪ್ತಿ ಅಷ್ಟಕ್ಕೇ ಸೀಮಿತ. ಮನೆಯಲ್ಲಿ ಕೂತು ನೋಡುವ ಆನ್‌ಲೈನ್ ಪಾಠ ಬೇರೆ, ಕಂತು ಕಟ್ಟಿ ಕೊಳ್ಳುವ ಟ್ಯೂಷನ್ ಆ್ಯಪ್ ಬೇರೆ. ಬೆಳಗಿನ ಪ್ರಾರ್ಥನೆಗೂ ಸಂಜೆಯ ಗಂಟೆಗೂ ನಡುವೆ, 1ರಿಂದ 5ನೇ ತರಗತಿಯ ಕೊಠಡಿಯೊಳಗೆ, ಆ್ಯಪ್‌ಗೆ ಜಾಗ ಇದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಪರದೆಗಳ ಹಳೆಯ ಸಾಲು

ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಯಲ್ಲಿ ಪುಸ್ತಕವೇ ಬೇಕಾಗುವುದಿಲ್ಲ, ಸಿನಿಮಾ ಎಲ್ಲವನ್ನೂ ಕಲಿಸುತ್ತದೆ ಎಂದು ಥಾಮಸ್ ಎಡಿಸನ್ ಹೇಳಿದ್ದು 1913ರಲ್ಲಿ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ‘ಬೋಧನಾ ಯಂತ್ರ’ ಮಾಡಿದರು: ಒಂದು ಪ್ರಶ್ನೆ, ಒಂದು ಉತ್ತರ, ಸರಿಯೋ ತಪ್ಪೋ ಆ ಕ್ಷಣದಲ್ಲೇ ತಿಳಿಯಬೇಕು. ಇಂದಿನ ಬಹುಪಾಲು ಗಣಿತದ ಆ್ಯಪ್‌ಗಳ ಅಸ್ಥಿಪಂಜರ ಅದೇ. ಮೇಲಿನ ಬಣ್ಣ, ಚಪ್ಪಾಳೆ, ಉದುರುವ ನಕ್ಷತ್ರಗಳು ಮಾತ್ರ ಹೊಸವು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸಪ್ಪೆಸ್ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಮೂಲಕ ಲೆಕ್ಕದ ಅಭ್ಯಾಸ ಕೊಟ್ಟರು. ಅಲೆಕ್ಸಾಂಡರನಿಗೆ ಅರಿಸ್ಟಾಟಲ್ ಸಿಕ್ಕ ಹಾಗೆ ಮುಂದೆ ಲಕ್ಷಾಂತರ ಮಕ್ಕಳಿಗೆ ಸ್ವಂತ ಗುರು ಸಿಗುತ್ತಾನೆ ಎಂಬುದು ಅವರ ಭವಿಷ್ಯವಾಣಿ.

ನಮ್ಮ ನಾಡಿಗೂ ಈ ಇತಿಹಾಸ ದೂರದ್ದಲ್ಲ. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದ ಪಾಲಿಗೆ ಬಂದದ್ದು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ ಇರುತ್ತಿತ್ತು. ಒಂದು ವರ್ಷ ಮುಗಿಯಿತು, ಉಪಗ್ರಹ ಜಾಗ ಬಿಟ್ಟಿತು. ಆಮೇಲೆ ಆಕಾಶವಾಣಿಯಲ್ಲಿ ‘ಕೇಳಿ-ಕಲಿ’, ‘ಚಿನ್ನರ ಚುಕ್ಕಿ’. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಾಳಿಗೆಗಳ ಮೇಲೆ ಡಿಶ್‌ಗಳು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪಠ್ಯಾಧಾರಿತ ಸಿ.ಡಿ.ಗಳನ್ನು ಮಾಡಿ ಸಾವಿರಾರು ಸರ್ಕಾರಿ ಶಾಲೆಗಳಿಗೆ ಕೊಟ್ಟಿತು. ಕೆಲವು ವರ್ಷಗಳ ನಂತರ, ಅದರಿಂದ ನಿರೀಕ್ಷಿಸಿದ ಫಲ ಸಿಗಲಿಲ್ಲವೆಂದು ಸಂಸ್ಥೆಯ ಹಿರಿಯರೇ ಬಹಿರಂಗವಾಗಿ ಬರೆದರು. ಇಂಥ ಮಾತು ಈ ಕ್ಷೇತ್ರದಲ್ಲಿ ಅಪರೂಪ. ಯಂತ್ರ ಬಂದಾಗ ಉದ್ಘಾಟನೆ ಇರುತ್ತದೆ, ಮೂಲೆ ಸೇರಿದಾಗ ಯಾರೂ ವರದಿ ಬರೆಯುವುದಿಲ್ಲ.

ಸ್ಮಾರ್ಟ್‌ಫೋನ್ ಅಗ್ಗವಾದ ಮೇಲಿನದು ಈಚಿನ ಅಧ್ಯಾಯ. 2015ರಲ್ಲಿ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಕನ್ನಡವೂ ಸೇರಿ ಹಲವು ಭಾಷೆಗಳ ಮಕ್ಕಳ ಕಥೆಗಳನ್ನು ಉಚಿತವಾಗಿ ತೆರೆದಿಟ್ಟಿತು. 2017ರಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಪಾಠಗಳ ವೇದಿಕೆ ‘ದೀಕ್ಷಾ’ ಬಂತು. ಅಕ್ಷರ ಫೌಂಡೇಶನ್, ಗಣಿತ ಕಲಿಕಾ ಆಂದೋಲನದ ಮಣಿಚೌಕಟ್ಟು, ಅಳತೆಪಟ್ಟಿಗಳ ಜೊತೆಗೆ ನೆಟ್‌ವರ್ಕ್ ಇಲ್ಲದೆಯೂ ನಡೆಯುವ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಹೊರತಂದಿತು.

ಪ್ರತಿ ಮಗುವಿಗೂ ಅದರದೇ ನಡಿಗೆ

ಆ್ಯಪ್ ಪರವಾದ ಅತ್ಯಂತ ಗಟ್ಟಿ ವಾದ ಇದು. ನಾಲ್ಕನೇ ತರಗತಿಯಲ್ಲಿ ಕೂತ ಮಕ್ಕಳೆಲ್ಲ ನಾಲ್ಕನೇ ತರಗತಿಯ ಮಟ್ಟದಲ್ಲಿಲ್ಲ. ಒಬ್ಬಳಿಗೆ ಭಾಗಾಕಾರ ಬರುತ್ತದೆ, ಇನ್ನೊಬ್ಬನಿಗೆ ದಶಕ ಕೂಡುವುದೇ ಕಷ್ಟ. ಪಾಠ ಮಾತ್ರ ಪುಸ್ತಕದ ಪುಟದ ಪ್ರಕಾರ ಮುಂದಕ್ಕೆ ಹೋಗುತ್ತದೆ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಹಿಡಿದುಕೊಂಡು ಹೋಗುವ ತಾಳ್ಮೆ ಯಂತ್ರಕ್ಕಿದೆ ಎನ್ನುತ್ತಾರೆ ಈ ಪಂಥದವರು.

ಇದಕ್ಕೆ ದೊಡ್ಡ ಬೆಂಬಲ ಸಿಕ್ಕಿದ್ದು ದೆಹಲಿಯಿಂದ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗಾನಿಮಿಯನ್ ಅವರು ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಏರಿಕೆ ಕಂಡಿತು. ಎಸ್ಸೆಸ್ಸೆಲ್ಸಿ ಲೆಕ್ಕ ಮರೆತವರಿಗೆ: ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ ಇದು, ಮುಂದೆ ಬರುವ ಇಂಥ ಅಂಕಿಗಳೂ ಇದೇ ಅಳತೆಯವು; ಶಾಲಾ ಸುಧಾರಣೆಯ ಕ್ರಮಗಳಲ್ಲಿ 0.1 ಸಿಕ್ಕರೂ ಸಂಶೋಧಕರು ಗಮನಿಸುತ್ತಾರೆ. ಹಾಗಾಗಿ ಇದು ಸಣ್ಣ ಫಲವಲ್ಲ. ಅಲ್ಲಿ 6ನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿ ಹಿಂದಿತ್ತು. ಹಿಂದುಳಿದ ಮಕ್ಕಳು ಮಾಮೂಲಿ ಶಾಲೆಯ ಪಾಠದಿಂದ ಏನೂ ಗಳಿಸಲಿಲ್ಲ, ತಂತ್ರಾಂಶದಿಂದ ಗಳಿಸಿದರು.

ಆದರೆ ಈ ಅಧ್ಯಯನವನ್ನು ಪ್ರಾಥಮಿಕ ತರಗತಿಗೆ ಎಳೆದು ತರುವವರು ಎರಡು ಸಂಗತಿ ಮರೆಯುತ್ತಾರೆ. ಆ ಮಕ್ಕಳು 6ರಿಂದ 9ನೇ ತರಗತಿಯವರು. ಮತ್ತು ಅದು ಶಾಲೆ ಬಿಟ್ಟ ಮೇಲಿನ ಕೇಂದ್ರ: 45 ನಿಮಿಷ ಯಂತ್ರ, ಇನ್ನು 45 ನಿಮಿಷ ಸಣ್ಣ ಗುಂಪಿಗೆ ಮನುಷ್ಯರ ಪಾಠ.

ಚಿಕ್ಕ ಮಕ್ಕಳ ವಿಷಯದಲ್ಲಿ ಪುರಾವೆ ಹೆಚ್ಚಾಗಿ ಬಂದದ್ದು ಆಫ್ರಿಕಾದಿಂದ. ಮಲಾವಿಯ ರಾಜಧಾನಿ ಲಿಲಾಂಗ್ವೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅವರ ಚಿಚೆವಾ ಭಾಷೆಯಲ್ಲೇ ‘ಒನ್‌ಬಿಲಿಯನ್’ ಸಂಸ್ಥೆಯ ಗಣಿತದ ಆ್ಯಪ್ ಕೊಟ್ಟು, ಎಂಟು ವಾರ ಗಮನಿಸಿ, ನಿಕೋಲಾ ಪಿಚ್‌ಫರ್ಡ್ 2015ರಲ್ಲಿ ವರದಿ ಮಾಡಿದರು, ಫಲ ಚೆನ್ನಾಗಿತ್ತು. 2019ರಲ್ಲಿ ಅದೇ ಸಂಸ್ಥೆ ‘ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್’ನ ಒಂದು ಕೋಟಿ ಡಾಲರ್ ಬಹುಮಾನವನ್ನು ‘ಕಿಟ್‌ಕಿಟ್ ಸ್ಕೂಲ್’ ಜೊತೆ ಹಂಚಿಕೊಂಡಿತು. ಆ ಸ್ಪರ್ಧೆಯ ಪರೀಕ್ಷೆ ನಡೆದದ್ದು ತಾಂಜಾನಿಯಾದ 170 ಹಳ್ಳಿಗಳಲ್ಲಿ, ಸ್ವಾಹಿಲಿಯಲ್ಲಿ. ತರಗತಿಯಲ್ಲಿ ನೂರರ ಲೆಕ್ಕದಲ್ಲಿ ಮಕ್ಕಳಿರುವ, ಕೆಲವೆಡೆ ಶಾಲೆಯೇ ಇಲ್ಲದ ಊರುಗಳು ಅವು. ಅಂಥಲ್ಲಿ ಆ್ಯಪ್ ಗೆದ್ದಿತೆಂದರೆ, ಮೂವತ್ತು ಮಕ್ಕಳೂ ಒಬ್ಬ ತರಬೇತಾದ ಶಿಕ್ಷಕಿಯೂ ಇರುವ ನಮ್ಮ ಕೊಠಡಿಯಲ್ಲೂ ಗೆಲ್ಲುತ್ತದೆ ಎಂದಾಗುವುದಿಲ್ಲ.

ಗುಜರಾತಿನ ಎರಡು ಪ್ರಯೋಗ

ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಗುಜರಾತಿನ ಎರಡು ಹಳೆಯ ಅಧ್ಯಯನಗಳು. ಅವು ಕಂಪ್ಯೂಟರ್ ಕಾಲದವು ನಿಜ, ಆದರೆ ಪ್ರಶ್ನೆ ಆ್ಯಪಿನದೇ.

ಮೊದಲನೆಯದು ವಡೋದರದ ಪಾಲಿಕೆ ಶಾಲೆಗಳದು. ಪ್ರಥಮ್ ಸಂಸ್ಥೆ 4ನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಒಂದು ಕಂಪ್ಯೂಟರಿಗೆ ಇಬ್ಬರು. ಒಂದು ಗಂಟೆ ಶಾಲಾ ವೇಳೆಯಲ್ಲಿ, ಇನ್ನೊಂದು ಅದರ ಹೊರಗೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಕಾರ ಎರಡನೇ ವರ್ಷದ ಹೊತ್ತಿಗೆ ಏರಿಕೆ 0.47. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಉಳಿದದ್ದು ಸುಮಾರು 0.10. ಮೊದಲ ಅಂಕಿ ಎಲ್ಲರ ಭಾಷಣದಲ್ಲೂ ಬರುತ್ತದೆ. ಎರಡನೆಯದು ಬರುವುದಿಲ್ಲ.

ಎರಡನೆಯ ಅಧ್ಯಯನ ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಅವರದು. ಅಹಮದಾಬಾದಿನ ‘ಜ್ಞಾನಶಾಲಾ’ ಸಂಸ್ಥೆ ಬಡಾವಣೆಗಳ ಬಡಮಕ್ಕಳಿಗೆ ಕಟ್ಟುನಿಟ್ಟಾದ ಪಾಠಕ್ರಮದ ತರಗತಿಗಳನ್ನು ನಡೆಸುತ್ತಿತ್ತು. ಅಲ್ಲಿ ಒಂದು ವರ್ಷ ಕಂಪ್ಯೂಟರ್ ಅಭ್ಯಾಸವನ್ನು ಪಾಠದ ವೇಳೆಯಲ್ಲೇ ಕೊಟ್ಟರು. ಮಕ್ಕಳ ಗಣಿತದ ಅಂಕ 0.57ರಷ್ಟು ಕುಸಿಯಿತು. ಮರುವರ್ಷ ಅದೇ ಅಭ್ಯಾಸವನ್ನು ಶಾಲಾ ವೇಳೆಯ ಹೊರಗೆ ಕೊಟ್ಟರು. ಅಂಕ 0.28ರಷ್ಟು ಏರಿತು, ಅದರಲ್ಲೂ ಹಿಂದುಳಿದ ಮಕ್ಕಳದು. ತಂತ್ರಾಂಶ ಅದೇ, ಸಂಸ್ಥೆ ಅದೇ. ಬದಲಾದದ್ದು ಒಂದೇ: ಮೊದಲ ಸಲ ಯಂತ್ರ ಒಳ್ಳೆಯ ಪಾಠವೊಂದರ ಸಮಯ ತಿಂದಿತು, ಎರಡನೇ ಸಲ ಖಾಲಿ ಸಮಯವನ್ನು ತುಂಬಿತು.

ಆ್ಯಪ್ ಒಳ್ಳೆಯದೋ ಕೆಟ್ಟದೋ ಎಂದು ಕೇಳುವವರಿಗೆಲ್ಲ ಈ ಫಲಿತಾಂಶ ತೋರಿಸಬೇಕು. ಕೇಳಬೇಕಾದ್ದು, ಒಂದು ಅವಧಿಯ ನಲವತ್ತು ನಿಮಿಷದಲ್ಲಿ ಆ್ಯಪ್ ಇಲ್ಲದಿದ್ದರೆ ಏನು ನಡೆಯುತ್ತಿತ್ತು ಎಂದು. ಮೂರು ತರಗತಿಗೆ ಒಬ್ಬರೇ ಶಿಕ್ಷಕಿ ಇರುವಲ್ಲಿ, ಎರಡು ತರಗತಿ ಸುಮ್ಮನೆ ಮಗ್ಗಿ ನಕಲು ಮಾಡುತ್ತಿರುತ್ತವೆ. ಅಲ್ಲಿಯ ಉತ್ತರ ಒಂದು. ಶಿಕ್ಷಕಿ ಕಲ್ಲು, ಕಡ್ಡಿ, ಬೀಜ ಹರವಿಕೊಂಡು ಲೆಕ್ಕ ಹೇಳಿಕೊಡುತ್ತಿರುವ ಕೊಠಡಿಯಲ್ಲಿ ಉತ್ತರ ಇನ್ನೊಂದು.

ಮಗು ಯಂತ್ರಕ್ಕೆ ಕಲಿಸಲಿ

ಮೇಲಿನವರೆಲ್ಲ ಯಂತ್ರ ಕಲಿಸುತ್ತದೆ, ಮಗು ಕಲಿಯುತ್ತದೆ ಎಂದುಕೊಂಡವರು. ಗಣಿತಜ್ಞ ಸೀಮೋರ್ ಪೇಪರ್ಟ್ ಇದನ್ನು ತಲೆಕೆಳಗು ಮಾಡಿದರು. 1967ರಲ್ಲಿ ಸಂಗಡಿಗರ ಜೊತೆ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿ, ಪರದೆಯ ಮೇಲಿನ ಆಮೆಗೆ ಮಗುವೇ ಅಪ್ಪಣೆ ಕೊಡಲಿ, ಚೌಕ ಎಳೆಯಲು ಹೋಗಿ ತಪ್ಪಲಿ, ತಿದ್ದಲಿ ಎಂದರು. ಇಂದಿನ ‘ಸ್ಕ್ರ್ಯಾಚ್ ಜೂನಿಯರ್’ ಈ ವಂಶದ್ದು.

ಈ ಪಂಥ ನೀಡಿದ ಒಳನೋಟ ದೊಡ್ಡದು, ಪುರಾವೆ ತೆಳು. ಲೋಗೊ ಕಲಿತ ಮಕ್ಕಳು ಬೇರೆ ಕೆಲಸಗಳಲ್ಲೂ ಯೋಜನೆ ಹಾಕುವುದರಲ್ಲಿ ಮುಂದಿರುತ್ತಾರೆಯೇ ಎಂದು ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ 1984ರಲ್ಲಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ. ಪೇಪರ್ಟ್ ಚಿಂತನೆಯಿಂದ ಪ್ರೇರಿತವಾದ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯನ್ನು ಪೆರು ದೇಶ ದೊಡ್ಡ ಪ್ರಮಾಣದಲ್ಲಿ ಜಾರಿ ಮಾಡಿತು. 319 ಗ್ರಾಮೀಣ ಶಾಲೆಗಳ ಅಧ್ಯಯನದಲ್ಲಿ ಗಣಿತ, ಭಾಷೆಗಳ ಅಂಕದಲ್ಲಿ ಬದಲಾವಣೆ ಸಿಗಲಿಲ್ಲ. ಭಾರತದ ಮಾನವ ಸಂಪನ್ಮೂಲ ಸಚಿವಾಲಯ ಇದೇ ಯೋಜನೆಯನ್ನು 2006ರಲ್ಲೇ ಬೇಡವೆಂದಿತ್ತು. 

ಲಾರಿಯೇ, ಲಾರಿಯಲ್ಲಿನ ಸರಕೇ?

1983ರಲ್ಲಿ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಹೇಳಿದ ಮಾತು ಇನ್ನೂ ಎಲ್ಲರನ್ನೂ ಕೆಣಕುತ್ತಿದೆ. ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಹೆಚ್ಚುವುದಿಲ್ಲ; ಹಾಗೆಯೇ ಮಾಧ್ಯಮ ಬರೀ ವಾಹನ, ಕಲಿಸುವುದು ವಿಧಾನ. ಯಂತ್ರ ಬಂದಾಗ ಕಲಿಕೆ ಹೆಚ್ಚಿತೆಂದರೆ ಅದರ ಜೊತೆ ಬಂದ ಹೊಸ ವಿಧಾನದಿಂದ, ಹೆಚ್ಚುವರಿ ಸಮಯದಿಂದ, ಹೊಸತೆಂಬ ಹುರುಪಿನಿಂದ ಇರಬೇಕು ಎಂದರು ಅವರು. ಕೆಲವು ವಿಧಾನಗಳು ಕೆಲವು ಮಾಧ್ಯಮದಲ್ಲಷ್ಟೇ ಸಾಧ್ಯ ಎಂದು ರಾಬರ್ಟ್ ಕೊಜ್ಮಾ ಉತ್ತರ ಕೊಟ್ಟರು. ಮೂವತ್ತು ಮಕ್ಕಳ ಪ್ರತಿ ಉತ್ತರವನ್ನೂ ಆ ಕ್ಷಣದಲ್ಲಿ ನೋಡಿ ಹೇಳಲು ಒಬ್ಬ ಮನುಷ್ಯನಿಂದ ಆಗುವುದಿಲ್ಲ, ಯಂತ್ರಕ್ಕೆ ಆಗುತ್ತದೆ.

ಕ್ಲಾರ್ಕ್ ಕನ್ನಡ ಬಲ್ಲವರಾಗಿದ್ದರೆ ಬಹುಶಃ ನಲಿಕಲಿಯನ್ನು ಸಾಕ್ಷಿಗೆ ಕರೆಯುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು, ಕಲಿಕಾ ಏಣಿಯ ಮೇಲೆ ಕಾರ್ಡುಗಳನ್ನು ಜೋಡಿಸಿದ್ದಾರೆ. ಮಗು ತಾನಿರುವ ಮೆಟ್ಟಿಲು ನೋಡಿಕೊಂಡು ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ: ಶಿಕ್ಷಕರ ಪೂರ್ಣ ಸಹಾಯದ ತಟ್ಟೆ, ಗೆಳೆಯರ ಸಹಾಯದ ತಟ್ಟೆ, ಸ್ವಕಲಿಕೆಯ ತಟ್ಟೆ. ಗೈರಾಗಿದ್ದ ಮಗು ಬಂದ ದಿನ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ್ಯಪ್ ಮಾರುವವರು ಇಂದು ದೊಡ್ಡ ಅಕ್ಷರದಲ್ಲಿ ಬರೆಯುವ ‘ಮಗುವಿನ ವೇಗಕ್ಕೆ ತಕ್ಕ ಕಲಿಕೆ’ ನಮ್ಮಲ್ಲಿ ರಟ್ಟಿನ ಕಾರ್ಡಿನಲ್ಲೇ ಆಗಿತ್ತು, ಕರೆಂಟಿಲ್ಲದೆ.

ಹಾಗಾದರೆ ನಲಿಕಲಿ ಕೊಠಡಿಗೆ ಆ್ಯಪ್ ಏನು ಹೊಸದಾಗಿ ತರಬಲ್ಲದು? ಎರಡು ಸಂಗತಿ ಇರಬಹುದು. ಕಾರ್ಡಿಗೆ ಬಾಯಿಲ್ಲ, ಅಕ್ಷರ ಒತ್ತಿದರೆ ಉಲಿಯುವುದು ಪರದೆಗೆ ಮಾತ್ರ ಗೊತ್ತು. ಮತ್ತು ಸ್ವಕಲಿಕೆಯ ತಟ್ಟೆಯಲ್ಲಿ ಮಗು ತಪ್ಪು ಮಾಡಿದರೆ ಶಿಕ್ಷಕಿ ಆ ಕಡೆ ಬರುವವರೆಗೆ ಅದು ತಪ್ಪೆಂದು ತಿಳಿಯುವುದಿಲ್ಲ; ಆ್ಯಪ್ ಆ ಕ್ಷಣದಲ್ಲೇ ಹೇಳುತ್ತದೆ.

ಕನ್ನಡದ ಅಕ್ಷರ, ಬೆರಳಿನ ನೆನಪು

ಓದು-ಬರಹ ಕಲಿಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನ 26 ಅಕ್ಷರಗಳ ಅಳತೆಗೆ ಹೊಲಿದವು. ಕನ್ನಡದ ವರ್ಣಮಾಲೆ ಮುಗಿದರೆ ಆಟ ಮುಗಿಯುವುದಿಲ್ಲ. ಕಾಗುಣಿತ ಇದೆ, ಒತ್ತಕ್ಷರ ಇದೆ. ಕನ್ನಡ ಓದಿನ ಬಗ್ಗೆ ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಜ್ಞಾನ ಮಕ್ಕಳಲ್ಲಿ 4ನೇ ತರಗತಿಯ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿತು. 1ನೇ ತರಗತಿಯಲ್ಲಿ ‘ಅಕ್ಷರ ಮುಗಿಯಿತು’ ಎಂದು ಪದಕ ಕೊಟ್ಟು ಮುಂದೆ ಸಾಗುವ ಆ್ಯಪ್ ನಮ್ಮ ಭಾಷೆಯ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಮಗುವಿನ ಓದನ್ನು ಕೇಳಿ ತಿದ್ದುವ ಆ್ಯಪ್‌ಗಳಿಗೆ ಇನ್ನೊಂದು ತೊಡಕು: ಬೀದರಿನ ಮಗು ಓದುವ ಧಾಟಿ ಬೇರೆ, ಕುಂದಾಪುರದ್ದು ಬೇರೆ, ಮನೆಯಲ್ಲಿ ಲಂಬಾಣಿಯೋ ತುಳುವೋ ಉರ್ದುವೋ ಆಡುವ ಮಗುವಿನದು ಇನ್ನೂ ಬೇರೆ. ಯಾವುದು ತಪ್ಪು, ಯಾವುದು ಊರಿನ ಉಚ್ಚಾರ ಎಂದು ಟೀಚರಿಗೆ ಗೊತ್ತು.

ದೇಹದ ಕಡೆಯಿಂದ ವಾದ ಮಾಡುವವರು ಕೇಳುವುದು ಬೆರಳಿನ ಬಗ್ಗೆ. ಮರಳಿನ ಮೇಲೆ, ಸ್ಲೇಟಿನ ಮೇಲೆ ತಿದ್ದಿದ ಕೈಗೂ ಪರದೆ ಮುಟ್ಟಿದ ಕೈಗೂ ಒಂದೇ ನೆನಪು ಉಳಿಯುತ್ತದೆಯೇ? ಫ್ರಾನ್ಸಿನಲ್ಲಿ 3ರಿಂದ 5 ವರ್ಷದ ಮಕ್ಕಳೊಂದಿಗೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಕ್ಷರಗಳನ್ನು ಕೈಯಲ್ಲಿ ಬರೆದು ಕಲಿತವರಲ್ಲಿ ದೊಡ್ಡವರು, ಕೀಲಿಮಣೆಯಲ್ಲಿ ಕಲಿತವರಿಗಿಂತ ಚೆನ್ನಾಗಿ ಗುರುತಿಸಿದರು. ಓದಿನ ವಿಷಯದಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ, ಕಾಗದದ ಮೇಲೆ ಓದಿದ್ದು ಸ್ವಲ್ಪ ಹೆಚ್ಚು ಅರ್ಥವಾಗುತ್ತದೆ ಎಂದಿತು. ಆದರೆ ಅದು ದೊಡ್ಡವರನ್ನೂ ಒಳಗೊಂಡದ್ದು. ಸ್ವೀಡನ್ 2023ರಲ್ಲಿ ಪುಟ್ಟ ಮಕ್ಕಳ ತರಗತಿಗೆ ಮುದ್ರಿತ ಪುಸ್ತಕ, ಕೈಬರಹವನ್ನು ಮರಳಿ ತರಲು ಹೊರಟದ್ದು ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಅಲ್ಲಿಯ ಮಕ್ಕಳು ವರ್ಷಗಟ್ಟಲೆ ಪರದೆಯಲ್ಲಿ ಮುಳುಗಿದ್ದವರು. ನಮ್ಮ ಸರ್ಕಾರಿ ಶಾಲೆಯ ಮಗುವಿಗೆ ತರಗತಿಯಲ್ಲಿ ವಾರಕ್ಕೆ ಅರ್ಧ ಗಂಟೆ ಪರದೆ ಸಿಕ್ಕರೆ ಹೆಚ್ಚು. ಆ ಸುದ್ದಿಯನ್ನು ಇಲ್ಲಿ ಹಾಗೇ ಅಂಟಿಸುವುದು ಸುಲಭ, ಸರಿಯಲ್ಲ.

ಶಿಕ್ಷಕಿಯ ದಿನಚರಿ

ಲ್ಯಾರಿ ಕ್ಯೂಬನ್ 1986ರ ತಮ್ಮ ಪುಸ್ತಕದಲ್ಲಿ ಸಿನಿಮಾ, ರೇಡಿಯೊ, ಟಿವಿಗಳು ಅಮೆರಿಕದ ತರಗತಿಗೆ ಬಂದು ಹೋದ ಕಥೆ ಹೇಳಿ, ಕೊಠಡಿಯ ಬಾಗಿಲು ಕಾಯುವವರು ಶಿಕ್ಷಕರೇ ಎಂದರು. ತಮ್ಮ ಕೆಲಸ ಹಗುರ ಮಾಡುವುದನ್ನು ಅವರು ಒಳಗೆ ಬಿಡುತ್ತಾರೆ, ಭಾರ ಮಾಡುವುದನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ. ಇದು ಸೋಮಾರಿತನವಲ್ಲ, ಲೆಕ್ಕಾಚಾರ.

ನಮ್ಮಲ್ಲಿ ಆ ಲೆಕ್ಕಾಚಾರ ಇನ್ನೂ ಬಿಗಿ. ಸ್ಯಾಟ್ಸ್‌ಗೆ (ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ಜಾಲತಾಣ) ಮಾಹಿತಿ, ಬಿಸಿಯೂಟದ ಲೆಕ್ಕ, ಕ್ಷೀರಭಾಗ್ಯದ ಲೆಕ್ಕ, ತರಬೇತಿಯ ಪ್ರಮಾಣಪತ್ರ, ಫೋಟೊ ತೆಗೆದು ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಬಹುಪಾಲು ಶಿಕ್ಷಕರ ಸ್ವಂತ ಫೋನು, ಸ್ವಂತ ಡೇಟಾ. ಶಿಕ್ಷಕಿಗೆ ಮೊಬೈಲ್ ಎಂದರೆ ಮೊದಲು ನೆನಪಾಗುವುದು ಮೇಲಿನವರು ಕೇಳುವ ಅಂಕಿಅಂಶ. ಟ್ಯಾಬ್‌ಗಳಿದ್ದ ಕಡೆಯೂ ಹತ್ತಿಪ್ಪತ್ತನ್ನು ಚಾರ್ಜ್ ಮಾಡಿ, ಲಾಗಿನ್ ಮಾಡಿ, ಹಂಚಿ, ಮರಳಿ ಎಣಿಸಿಕೊಳ್ಳುವಷ್ಟರಲ್ಲಿ ಅವಧಿಯ ಕಾಲು ಭಾಗ ಹೋಗಿರುತ್ತದೆ. ಯಾವ ಅಧ್ಯಯನದ ಪಟ್ಟಿಯಲ್ಲೂ ಈ ಹತ್ತು ನಿಮಿಷಕ್ಕೆ ಕಾಲಂ ಇರುವುದಿಲ್ಲ.

ತಂತ್ರಜ್ಞಾನ ಸರಳವಾದಷ್ಟೂ ಮನುಷ್ಯನಿಗೆ ಜಾಗ ಉಳಿಯುತ್ತದೆ ಎಂಬುದಕ್ಕೆ ಬೋಟ್ಸ್ವಾನದ ಉದಾಹರಣೆ ಇದೆ. ಕೊರೊನಾ ಕಾಲದಲ್ಲಿ ಅಲ್ಲಿ ಪ್ರಾಥಮಿಕ ಮಕ್ಕಳ ಮನೆಗಳಿಗೆ ಎಸ್ಸೆಮ್ಮೆಸ್‌ನಲ್ಲಿ ಲೆಕ್ಕ ಕಳಿಸಿ, ವಾರಕ್ಕೊಮ್ಮೆ ಮಾಮೂಲಿ ಫೋನಿನಲ್ಲಿ ಮಾತಾಡಿಸಿದರು. ಮಾತಾಡಿಸಿದ ಮಕ್ಕಳ ಕಲಿಕೆ 0.12ರಷ್ಟು ಏರಿತು. ಬರೀ ಎಸ್ಸೆಮ್ಮೆಸ್ ಬಂದವರಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ.

ಮಕ್ಕಳ ಮಾಹಿತಿ ಎಲ್ಲಿ ಹೋಗುತ್ತದೆ

ಈ ಪ್ರಶ್ನೆ ತಡವಾಗಿ ಬಂತು. ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಶೈಕ್ಷಣಿಕ ಆ್ಯಪ್, ಜಾಲತಾಣಗಳನ್ನು ಪರೀಕ್ಷಿಸಿ, ಅವುಗಳಲ್ಲಿ 89 ಪ್ರತಿಶತ ಮಕ್ಕಳ ಹಕ್ಕಿಗೆ ಅಪಾಯವಾಗುವಂತೆ ಮಾಹಿತಿ ನಿಭಾಯಿಸುತ್ತಿದ್ದವು ಎಂದಿತು. ನಮ್ಮ ‘ದೀಕ್ಷಾ’ ಕೂಡ ಪಟ್ಟಿಯಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅವರ ಬೆನ್ನು ಹತ್ತಿ ನೋಡುವುದನ್ನು ನಿಷೇಧಿಸುತ್ತದೆ. ಶಾಲೆಗಳಿಗೆ ಶೈಕ್ಷಣಿಕ ಉದ್ದೇಶಕ್ಕೆ ನಿಯಮಗಳಲ್ಲಿ ವಿನಾಯಿತಿಯೂ ಇದೆ. ಮಗುವಿನ ವೇಗಕ್ಕೆ ತಕ್ಕಂತೆ ಪಾಠ ಬದಲಿಸಬೇಕೆಂದರೆ ಮಗುವಿನ ಪ್ರತಿ ತಪ್ಪನ್ನೂ ಬರೆದಿಟ್ಟುಕೊಳ್ಳಲೇಬೇಕು. ಆ ಕಡತ ಎಷ್ಟು ವರ್ಷ ಇರಬೇಕು, ಯಾರ ಹತ್ತಿರ ಇರಬೇಕು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರು ಕೇಳುವ ದಿನ ಇನ್ನೂ ಬಂದಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಒಂದು, ಫಲದ ಬಾಳಿಕೆ. ವಡೋದರದಲ್ಲಿ ಕರಗಿದ ಏರಿಕೆ ಬೇರೆಡೆಯೂ ಕರಗುತ್ತದೆಯೇ, ನಿರಂತರ ಬಳಕೆಯಿಂದ ಉಳಿಯುತ್ತದೆಯೇ ಎಂಬುದಕ್ಕೆ ಐದಾರು ವರ್ಷ ಹಿಂಬಾಲಿಸುವ ಅಧ್ಯಯನ ಬೇಕು. ಇನ್ನೊಂದು, ವಯಸ್ಸು. 4ನೇ ತರಗತಿಯ ಗಣಿತಕ್ಕೆ ಸಿಕ್ಕ ಪುರಾವೆಯನ್ನು 1ನೇ ತರಗತಿಯ ಓದು-ಬರಹಕ್ಕೆ ಎಳೆಯುವಂತಿಲ್ಲ. ಆರು ವರ್ಷದ ಕನ್ನಡದ ಮಗು ಸ್ಲೇಟು ಬಿಟ್ಟು ಪರದೆಯಲ್ಲಿ ಒತ್ತಕ್ಷರ ತಿದ್ದಿದರೆ ಏನಾಗುತ್ತದೆಂಬುದು ತೆರೆದೇ ಇದೆ. ಕೃತಕ ಬುದ್ಧಿಮತ್ತೆಯಿಂದ ಮಾತಾಡುವ ಆ್ಯಪ್‌ಗಳು ಬಂದಿರುವಾಗ, ತಪ್ಪನ್ನೂ ಆತ್ಮವಿಶ್ವಾಸದಿಂದ ಹೇಳುವ ಗುರುವನ್ನು ಏಳು ವರ್ಷದ ಮಗು ಹೇಗೆ ಪ್ರಶ್ನಿಸುತ್ತದೆಂಬುದೂ ಅಷ್ಟೇ.

ಕ್ಲಾರ್ಕ್-ಕೊಜ್ಮಾ ಜಗಳವನ್ನು ನಮ್ಮ ನೆಲದಲ್ಲೇ ಪರೀಕ್ಷಿಸಬಹುದು. ಒಂದೇ ತಾಲ್ಲೂಕಿನ ಕೆಲವು ನಲಿಕಲಿ ಕೊಠಡಿಗಳ ಸ್ವಕಲಿಕೆಯ ತಟ್ಟೆಯಲ್ಲಿ ಕಾರ್ಡಿನ ಜೊತೆ ಎರಡು ಟ್ಯಾಬ್ ಇಡಬೇಕು, ಇನ್ನು ಕೆಲವು ಕಡೆ ಕಾರ್ಡು ಮಾತ್ರ. ಅಳೆಯಬೇಕಾದ್ದು ಮಕ್ಕಳ ಅಂಕವನ್ನಷ್ಟೇ ಅಲ್ಲ. ಆ ಟ್ಯಾಬಿನಿಂದ ಶಿಕ್ಷಕಿಗೆ ಎಷ್ಟು ನಿಮಿಷ ಉಳಿಯಿತು, ಅಥವಾ ಹೋಯಿತು, ಉಳಿದ ನಿಮಿಷದಲ್ಲಿ ಅವರು ‘ಪೂರ್ಣ ಸಹಾಯ’ದ ತಟ್ಟೆಯ ಮಕ್ಕಳ ಬಳಿ ಕೂತರೋ ಸ್ಯಾಟ್ಸ್ ತುಂಬಿದರೋ ಎಂಬುದನ್ನೂ ಗಡಿಯಾರ ಹಿಡಿದು ಬರೆದುಕೊಳ್ಳಬೇಕು.